ನೆಟ್‌ವರ್ಕ್ ಫೈಲ್‌ಸಿಸ್ಟಮ್‌ನ ರೀಡ್‌ಅಹೆಡ್ ಕೋಡ್ ಹೊಸದು ಮಾಡುವುದು ಹೇಗೆ

ಉಬುಂಟು 22.04ರಲ್ಲಿ ಸಲೀಸಾಗಿ ಕಂಪೈಲ್ ಆಗುತ್ತಿದ್ದ ಫೈಲ್‌ಸಿಸ್ಟಮ್ ಮಾಡ್ಯೂಲ್ 24.04ಕ್ಕೆ ಬಂದ ಕೂಡಲೇ ಎಡವುತ್ತದೆ. ಮೊದಲನೆಯದರ ಕರ್ನಲ್ 5.15, ಎರಡನೆಯದರದ್ದು 6.8. ಇವೆರಡರ ನಡುವೆ, 2022ರಲ್ಲಿ ಬಂದ 5.18ರಲ್ಲಿ, ರೀಡ್‌ಪೇಜಸ್ ಎಂಬ ಕಾಲ್‌ಬ್ಯಾಕನ್ನೇ (ಕರ್ನಲ್ ತನಗೆ ಬೇಕಾದಾಗ ಕರೆಯುವ ನಮ್ಮ ಫಂಕ್ಷನ್) ಕಿತ್ತುಹಾಕಿದ್ದಾರೆ. ಪ್ರೋಗ್ರಾಮ್ ಕೇಳುವ ಮೊದಲೇ ಫೈಲಿನ ಮುಂದಿನ ಭಾಗವನ್ನು ಓದಿ ತಂದಿಡುವ ಕೆಲಸ, ಅಂದರೆ ರೀಡ್‌ಅಹೆಡ್, ಅದರ ಮೂಲಕವೇ ನಡೆಯುತ್ತಿತ್ತು. ಅದರ ಜಾಗಕ್ಕೆ ಬಂದ ರೀಡ್‌ಅಹೆಡ್ ಕಾಲ್‌ಬ್ಯಾಕ್ ಕರ್ನಲ್ ಡೆವಲಪರ್ ಮ್ಯಾಥ್ಯೂ ವಿಲ್ಕಾಕ್ಸ್ ಬರೆದದ್ದು, 2020ರ 5.8ರಿಂದಲೂ ಕರ್ನಲ್‌ನಲ್ಲಿದೆ. ಮುಖ್ಯ ಕರ್ನಲ್ ಒಳಗಿರುವ ಎನ್‌ಎಫ್‌ಎಸ್, ಸಿಫ್ಸ್ ಎಂಬ ನೆಟ್‌ವರ್ಕ್ ಫೈಲ್‌ಸಿಸ್ಟಮ್‌ಗಳೆರಡೂ ಅದೇ 5.18ರ ಹೊತ್ತಿಗೆ ಬದಲಾದವು. ಹೊರಗೆ ಬೆಳೆದ ಡ್ರೈವರ್‌ಗಳನ್ನು ಯಾರೂ ನಮ್ಮ ಪರವಾಗಿ ಬದಲಾಯಿಸಿ ಕೊಡುವುದಿಲ್ಲ, ನಾವೇ ಕೂತು ಮಾಡಬೇಕು.

ನಾನು ಹೊರ ವರ್ತುಲ ರಸ್ತೆಯ ಒಂದು ಆಫೀಸಿನಲ್ಲಿ ಇಂಥದೇ ಒಂದು ಡ್ರೈವರ್ ನೋಡಿಕೊಳ್ಳುತ್ತೇನೆ. ನಮ್ಮದೇ ಫೈಲ್ ಸರ್ವರ್ ಜೊತೆ ಮಾತಾಡುವ ಲಿನಕ್ಸ್ ಕ್ಲೈಂಟ್ ಅದು. ಬಳಸುವವರಲ್ಲಿ ಬಸವನಗುಡಿ ಕಡೆಯ ಒಂದು ಸಣ್ಣ ಕೇಂದ್ರವಿದೆ. ಹಳೆಯ ಕನ್ನಡ ಪತ್ರಿಕೆಗಳನ್ನು ಪುಟ ಪುಟವಾಗಿ ಸ್ಕ್ಯಾನ್ ಮಾಡಿ, ಒತ್ತಿ ಚಿಕ್ಕದು ಮಾಡದ ಟಿಫ್ ಫೈಲುಗಳಾಗಿ ಸರ್ವರ್‌ನಲ್ಲಿ ಇಡುತ್ತಾರೆ. ಪುಡಿಯಾಗುತ್ತಿರುವ ಆ ಕಾಗದವನ್ನು ಎರಡನೇ ಸಲ ಬಿಡಿಸಿ ಸ್ಕ್ಯಾನರ್ ಮೇಲೆ ಇಡಲು ಆಗುವುದಿಲ್ಲ. ಹಾಗಾಗಿ ಓದುವ ದಾರಿಯಲ್ಲಿ ಒಂದು ಬೈಟ್ ಕೂಡ ತಪ್ಪಾಗಿ ಬರಬಾರದು ಎಂಬುದು ನನಗೆ ನಿಯಮಕ್ಕಿಂತ ಹೆಚ್ಚಿನದು. ಈ ಬರಹದಲ್ಲಿ ವೇಗಕ್ಕಿಂತ ಸರಿತನದ ಮಾತು ಜಾಸ್ತಿ ಬಂದರೆ ಕಾರಣ ಅದೇ.

ಹೆಸರು ಬದಲಾಯಿಸಿ, ಆರ್ಗ್ಯುಮೆಂಟ್ ಹೊಂದಿಸಿದರೆ ಕೆಲಸ ಮುಗಿಯಿತು ಎಂದು ಶುರು ಮಾಡಬೇಡಿ. ಹಳೆಯ ಕೋಡ್ ತನ್ನದಲ್ಲದ ಎಷ್ಟೋ ಹೊಣೆ ಹೊತ್ತುಕೊಂಡು ಕೂತಿತ್ತು. ಅವನ್ನೆಲ್ಲ ಕರ್ನಲ್‌ನ ಮೆಮೊರಿ ವಿಭಾಗಕ್ಕೆ ಬಿಟ್ಟುಕೊಟ್ಟು, ನೆಟ್‌ವರ್ಕ್ ಬಲ್ಲವರಿಗೆ ಮಾತ್ರ ಗೊತ್ತಿರುವ ಸಂಗತಿಗಳನ್ನು ನಮ್ಮಲ್ಲಿ ಉಳಿಸಿಕೊಳ್ಳಬೇಕು: ಸರ್ವರ್ ಒಂದು ಸಲಕ್ಕೆ ಎಷ್ಟು ಕೊಡುತ್ತದೆ, ಉತ್ತರ ಅರ್ಧಕ್ಕೆ ಬಂದರೆ ಏನರ್ಥ, ಕನೆಕ್ಷನ್ ಬಿದ್ದರೆ ಯಾರಿಗೆ ಹೇಳಬೇಕು. ಕೆಲಸ ಸರಿಯಾಗಿ ಆದರೆ ನಿಮ್ಮ ಪ್ಯಾಚಿನಲ್ಲಿ ಸೇರಿಸಿದ ಸಾಲಿಗಿಂತ ಅಳಿಸಿದ ಸಾಲು ಹೆಚ್ಚಿರುತ್ತದೆ.

ಮೊದಲು ಅಳತೆ

ಕೋಡ್ ಮುಟ್ಟುವ ಮುಂಚೆ ಈಗ ಏನಾಗುತ್ತಿದೆ ಎಂದು ನೋಡಿಕೊಳ್ಳಿ. ದೊಡ್ಡ ಲ್ಯಾಬ್ ಬೇಡ. ಎಸ್.ಪಿ. ರೋಡಿನಲ್ಲಿ ಸಿಗುವ ಎರಡು ಸೆಕೆಂಡ್ ಹ್ಯಾಂಡ್ ಡೆಸ್ಕ್‌ಟಾಪ್, ನಡುವೆ ಒಂದು ಗಿಗಾಬಿಟ್ ಸ್ವಿಚ್ ಸಾಕು. ಸರ್ವರ್ ಕಡೆ ಟಿಸಿ ಕಮಾಂಡಿನ ನೆಟೆಮ್ ಹಾಕಿ 20 ಮಿಲಿಸೆಕೆಂಡ್ ತಡ ಸೇರಿಸಿ. ಒಂದೇ ಕೋಣೆಯಲ್ಲಿರುವ ಎರಡು ಯಂತ್ರಗಳ ನಡುವೆ ಎಂಥ ಕೆಟ್ಟ ರೀಡ್‌ಅಹೆಡ್ ಕೂಡ ಚೆನ್ನಾಗಿಯೇ ಓಡುತ್ತದೆ. ಸರ್ವರ್ ಬೇರೆ ಊರಿನಲ್ಲಿದ್ದಾಗ ಬಳಸುವವರು ಏನು ಅನುಭವಿಸುತ್ತಾರೆ ಎಂಬುದು ಈ ತಡ ಹಾಕಿದ ಮೇಲೆಯೇ ಕಣ್ಣಿಗೆ ಬೀಳುವುದು.

ಲೆಕ್ಕ ಸರಳ. ಲಿನಕ್ಸ್‌ನ ಡೀಫಾಲ್ಟ್ ರೀಡ್‌ಅಹೆಡ್ 128 ಕೆಬಿ. ಹೋಗಿ ಬರಲು 20 ಮಿಲಿಸೆಕೆಂಡ್ ಎಂದರೆ ಸೆಕೆಂಡಿಗೆ 50 ಸುತ್ತು. ಒಂದು ಸುತ್ತಿಗೆ 128 ಕೆಬಿ ತಂದರೆ ಸೆಕೆಂಡಿಗೆ 6.4 ಎಂಬಿ ಆಯಿತು. ಗಿಗಾಬಿಟ್ ಲೈನಿನ ತಾಕತ್ತು ಸೆಕೆಂಡಿಗೆ 125 ಎಂಬಿ. ಆ ಲೈನನ್ನು ತುಂಬಿಸಿಡಬೇಕಾದರೆ ಯಾವ ಹೊತ್ತಿನಲ್ಲೂ 2.5 ಎಂಬಿ ದಾರಿಯ ಮೇಲಿರಬೇಕು. 128 ಕೆಬಿಯಿಂದ ಅದು ಸಾಧ್ಯವಿಲ್ಲ, ನಿಮ್ಮ ಕೋಡ್ ಎಷ್ಟೇ ಚೊಕ್ಕಟವಾಗಿರಲಿ.

ಎನ್‌ಎಫ್‌ಎಸ್ ಕತೆಯೂ ಇಲ್ಲಿ ತಿಳಿದಿರಲಿ. ಹಿಂದೆ ಅದು ಆರ್‌ಸೈಜ್‌ನ (ಒಂದು ವಿನಂತಿಯಲ್ಲಿ ಓದಬಹುದಾದ ಗರಿಷ್ಠ ಗಾತ್ರ) 15 ಪಟ್ಟು ರೀಡ್‌ಅಹೆಡ್ ಇಟ್ಟುಕೊಳ್ಳುತ್ತಿತ್ತು. 5.4ರಲ್ಲಿ ಅದನ್ನು ಕೈಬಿಟ್ಟು ಎಲ್ಲರಂತೆ 128 ಕೆಬಿಗೆ ಬಂದರು. ಹೆಚ್ಚು ಬೇಕಾದವರು ಕರ್ನಲ್ ಸೆಟ್ಟಿಂಗುಗಳನ್ನು ಫೈಲುಗಳಾಗಿ ತೋರಿಸುವ ಸಿಸ್‌ಎಫ್‌ಎಸ್‌ನಲ್ಲಿ ಬಿಡಿಐ (ಡೇಟಾ ಬರುವ ಮೂಲದ ಬಗ್ಗೆ ಕರ್ನಲ್ ಇಟ್ಟುಕೊಳ್ಳುವ ರಚನೆ) ಕೆಳಗಿರುವ ರೀಡ್ ಅಹೆಡ್ ಕೆಬಿ ಎಂಬ ಫೈಲಿಗೆ ಸಂಖ್ಯೆ ಬರೆಯಬೇಕು, ಇಲ್ಲವೇ ಎನ್‌ಎಫ್‌ಎಸ್ ಯುಟಿಲ್ಸ್ ಜೊತೆ ಬರುವ ಸಾಧನದಿಂದ ಮೌಂಟ್ ಆಗುವಾಗಲೇ ಹೊಂದಿಸಬೇಕು. ನಿಮ್ಮ ಫೈಲ್‌ಸಿಸ್ಟಮ್‌ಗೂ ಸಿಸ್‌ಎಫ್‌ಎಸ್‌ನ ಈ ದಾರಿ ಅನ್ವಯಿಸುತ್ತದೆ, ಆದರೆ ಒಂದು ಷರತ್ತಿದೆ. ಮೌಂಟ್ ಹೊತ್ತಿನಲ್ಲಿ ಸೂಪರ್‌ಬ್ಲಾಕಿಗೆ (ಮೌಂಟ್ ಆದ ಫೈಲ್‌ಸಿಸ್ಟಮ್ ಬಗ್ಗೆ ಕರ್ನಲ್ ಇಡುವ ರಚನೆ) ಅದರದೇ ಬಿಡಿಐ ಮಾಡಿಕೊಡುವ ಸೂಪರ್ ಸೆಟಪ್ ಬಿಡಿಐ ಫಂಕ್ಷನ್ ಕರೆದಿರಬೇಕು. ಕರೆಯದಿದ್ದರೆ ಎಲ್ಲರಿಗೂ ಸೇರಿದ ಖಾಲಿ ಬಿಡಿಐ ಅಂಟಿಕೊಂಡಿರುತ್ತದೆ, ಅದರಲ್ಲಿ ರೀಡ್‌ಅಹೆಡ್ ಪೇಜುಗಳ (ಕರ್ನಲ್ ಮೆಮೊರಿಯನ್ನು ಹಂಚುವ ಸಣ್ಣ ತುಂಡುಗಳು) ಸಂಖ್ಯೆ ಸೊನ್ನೆ. ಆಗ ನೀವು ಎಷ್ಟು ಸೊಗಸಾದ ಕಾಲ್‌ಬ್ಯಾಕ್ ಬರೆದರೂ ಓದು ಒಂದೊಂದೇ ಪೇಜಾಗಿ ನಡೆಯುತ್ತದೆ. ಹೊರಗಿನ ಡ್ರೈವರ್‌ಗಳಲ್ಲಿ ನಾನು ಮೊದಲು ಹುಡುಕುವುದು ಈ ಒಂದು ಸಾಲನ್ನೇ.

ಇನ್ನೆರಡು ವಿಷಯ. ಈ ಸಂಖ್ಯೆ ಫೈಲ್ ಓಪನ್ ಆಗುವಾಗ ಫೈಲಿನ ರಚನೆಯೊಳಗೆ ನಕಲಾಗುತ್ತದೆ. ಆಗಲೇ ತೆರೆದಿರುವ ಫೈಲಿಗೆ ನೀವು ಆಮೇಲೆ ಮಾಡಿದ ಬದಲಾವಣೆ ತಾಗುವುದಿಲ್ಲ, ಆದ್ದರಿಂದ ಪರೀಕ್ಷೆಯ ಪ್ರತಿ ಸುತ್ತಿಗೂ ಫೈಲ್ ಮುಚ್ಚಿ ತೆರೆಯಿರಿ. ಎರಡನೆಯದು, ದೊಡ್ಡ ಸಂಖ್ಯೆ ಎಲ್ಲರಿಗೂ ಒಳ್ಳೆಯದಲ್ಲ. ಎಂಮ್ಯಾಪ್ ಮಾಡಿದ, ಅಂದರೆ ಮೆಮೊರಿಯಂತೆ ನೇರವಾಗಿ ಓದಲು ಜೋಡಿಸಿಕೊಂಡ ಫೈಲಿನಲ್ಲಿ ಪೇಜ್ ಫಾಲ್ಟ್ ಆದಾಗ (ಇನ್ನೂ ಮೆಮೊರಿಗೆ ಬಾರದ ಪೇಜನ್ನು ಮುಟ್ಟಿದಾಗ) ಕರ್ನಲ್ ಆ ಜಾಗದ ಹಿಂದೆ ಮುಂದೆ ಸೇರಿಸಿ ಪೂರ್ತಿ ರೀಡ್‌ಅಹೆಡ್‌ನಷ್ಟು ತರಿಸುತ್ತದೆ. 4 ಎಂಬಿ ಇಟ್ಟರೆ, ಸ್ಕ್ಯಾನ್‌ನ ಹೆಡರ್ ಮಾತ್ರ ನೋಡಲು ಹೊರಟ ಪ್ರೋಗ್ರಾಮ್ ಪ್ರತಿ ಫೈಲಿಗೂ 4 ಎಂಬಿ ಎಳೆಯಬಹುದು. ನೂರಾರು ಫೈಲುಗಳ ಥಂಬ್‌ನೇಲ್ ತೋರಿಸುವ ಕಿಟಕಿ ತೆರೆದಾಗ ಇದರ ಪೆಟ್ಟು ಗೊತ್ತಾಗುತ್ತದೆ.

ಅಳೆಯುವಾಗ ಪ್ರತಿ ಸಲ ಡ್ರಾಪ್ ಕ್ಯಾಶಸ್‌ಗೆ 3 ಬರೆದು ಪೇಜ್ ಕ್ಯಾಶ್ (ಓದಿದ ಫೈಲ್ ಡೇಟಾವನ್ನು ಕರ್ನಲ್ ಮೆಮೊರಿಯಲ್ಲಿ ಇಟ್ಟುಕೊಳ್ಳುವ ಜಾಗ) ಖಾಲಿ ಮಾಡಿ, ಎಫ್‌ಐಒ ಎಂಬ ಅಳತೆ ಸಾಧನದಿಂದ 4 ಕೆಬಿ ಮತ್ತು 1 ಎಂಬಿ ಗಾತ್ರದಲ್ಲಿ ಸಾಲಾಗಿ ಓದಿಸಿ, ಜೊತೆಗೇ ನೆಟ್‌ವರ್ಕ್ ಮೇಲೆ ಹೋಗಿಬರುವುದನ್ನು ಟಿಸಿಪಿಡಂಪ್‌ನಿಂದ ಹಿಡಿದಿಡಿ. ಒಟ್ಟು ವೇಗ ಒಂದೇ ಸಾಲದು. ಎಷ್ಟು ರೀಡ್ ವಿನಂತಿ ಹೋದವು, ಒಂದೊಂದೂ ಎಷ್ಟು ದೊಡ್ಡದು, ಒಂದರ ಉತ್ತರ ಬರುವ ಮೊದಲೇ ಇನ್ನೊಂದು ಹೊರಟಿತೇ ಎಂಬ ಮೂರನ್ನೂ ಬರೆದಿಟ್ಟುಕೊಳ್ಳಿ. ಬದಲಾವಣೆ ಮುಗಿದ ಮೇಲೆ ಹೋಲಿಸುವುದು ಇವನ್ನೇ.

ಹಳೆಯ ಕೋಡ್ ಹೊತ್ತಿದ್ದ ಹೊರೆ

ರೀಡ್‌ಪೇಜಸ್‌ಗೆ ಕರ್ನಲ್ ಒಂದು ಲಿಂಕ್ಡ್ ಲಿಸ್ಟ್ ಕೊಡುತ್ತಿತ್ತು. ಅದರಲ್ಲಿ ಆಗತಾನೆ ಅಲೋಕೇಟ್ ಆದ, ಇನ್ನೂ ಪೇಜ್ ಕ್ಯಾಶ್ ಸೇರದ ಪೇಜುಗಳು, ಅದೂ ಹಿಂದುಮುಂದಾಗಿ ಜೋಡಿಸಿದ್ದು. ಬಾಲದಿಂದ ಒಂದೊಂದೇ ಕಿತ್ತು, ಲಿಸ್ಟಿನಿಂದ ಬಿಡಿಸಿ, ಪೇಜ್ ಕ್ಯಾಶಿಗೆ ನಾವೇ ಸೇರಿಸಬೇಕಿತ್ತು. ಅಷ್ಟರಲ್ಲಿ ಇನ್ಯಾವುದೋ ಪ್ರೋಸೆಸ್ ಅದೇ ಜಾಗಕ್ಕೆ ಪೇಜ್ ಸೇರಿಸಿದ್ದರೆ ನಮ್ಮದು ಸೋತಿತು, ಅದನ್ನು ಬಿಟ್ಟು ಮುಂದಕ್ಕೆ ಹೋಗಬೇಕಿತ್ತು. ಹೀಗೆ ನಡುವೆ ಒಂದು ಬಿಟ್ಟುಹೋದರೆ ಇಂಡೆಕ್ಸ್ ಸಾಲು ಮುರಿಯಿತು. ನೆಟ್‌ವರ್ಕ್ ವಿನಂತಿ ಅಲ್ಲಿಗೆ ನಿಲ್ಲಿಸಿ ಹೊಸದು ಶುರು ಮಾಡಬೇಕು. ಇದಕ್ಕಾಗಿಯೇ ಪ್ರತಿ ಫೈಲ್‌ಸಿಸ್ಟಮ್‌ನಲ್ಲೂ ಸಾಲಾಗಿರುವ ಪೇಜುಗಳನ್ನು ಒಟ್ಟು ಮಾಡುವ ಒಂದು ಗೋಜಲು ಫಂಕ್ಷನ್ ಬೆಳೆದಿತ್ತು. ನಮ್ಮದರಲ್ಲೂ ಇತ್ತು. ತಂಡದಲ್ಲಿ ಯಾರೂ ಅದನ್ನು ಮುಟ್ಟಲು ಇಷ್ಟಪಡುತ್ತಿರಲಿಲ್ಲ.

ಹೊಸ ಕಾಲ್‌ಬ್ಯಾಕ್‌ನಲ್ಲಿ ಈ ಎಲ್ಲವೂ ನಿಮ್ಮ ಕೈಗೆ ಬರುವ ಮುಂಚೆಯೇ ಮುಗಿದಿರುತ್ತದೆ. ರೀಡ್‌ಅಹೆಡ್ ಕಂಟ್ರೋಲ್ ಎಂಬ ಒಂದೇ ರಚನೆ ಬರುತ್ತದೆ. ಅದು ತೋರಿಸುವ ಪೇಜುಗಳು ಆಗಲೇ ಪೇಜ್ ಕ್ಯಾಶಿನಲ್ಲಿವೆ, ಲಾಕ್ ಆಗಿವೆ, ನಡುವೆ ಕಿಂಡಿಯಿಲ್ಲದಂತೆ ಸಾಲಾಗಿವೆ. ಎಲ್ಲಿಂದ ಶುರು, ಎಷ್ಟು ಉದ್ದ ಎಂಬುದನ್ನು ಬೈಟಿನ ಲೆಕ್ಕದಲ್ಲೇ ಕೇಳಬಹುದು. ಪೇಜ್ ಶಿಫ್ಟ್ ಮಾಡಿ ಗುಣಿಸುವ ಹಳೆಯ ಸಾಲುಗಳೂ ಹೋಗುತ್ತವೆ. ಒಟ್ಟು ಮಾಡುವ ಫಂಕ್ಷನನ್ನು ಧೈರ್ಯವಾಗಿ ಅಳಿಸಿ. ಪೇಜ್ ಕ್ಯಾಶಿಗೆ ಸೇರಿಸುವ ಕರೆ, ಸೋತವನ್ನು ಬಿಡುವ ದಾರಿ, ಲಿಸ್ಟಿನ ಕೊನೆಗೆ ಉಳಿದವನ್ನು ಒರೆಸುವ ಲೂಪ್, ಎಲ್ಲವೂ ಅದರ ಜೊತೆಗೇ ಹೋಗಲಿ.

ಯಾವಾಗ ಓದಬೇಕು ಎಂದು ಊಹಿಸುವ ಕೋಡ್ ನಿಮ್ಮ ಡ್ರೈವರ್‌ನಲ್ಲಿ ಉಳಿದಿದ್ದರೆ ಅದನ್ನೂ ತೆಗೆಯಿರಿ. ಮದುವೆ ಊಟದ ಪಂಕ್ತಿಯಲ್ಲಿ ಬಡಿಸುವವರು ಅನ್ನದ ಪಾತ್ರೆ ಪೂರ್ತಿ ಬರಿದಾಗುವವರೆಗೆ ಕಾಯುವುದಿಲ್ಲ, ತಳ ಕಾಣುವ ಮುಂಚೆಯೇ ಒಳಗೆ ಕೂಗು ಹಾಕುತ್ತಾರೆ. ಕರ್ನಲ್ ಕೂಡ ತರಿಸಿದ ಸಾಲಿನ ಒಂದು ಪೇಜಿನ ಮೇಲೆ ಗುರುತಿಟ್ಟಿರುತ್ತದೆ. ಓದುವವನು ಆ ಗುರುತು ಮುಟ್ಟಿದ ಕೂಡಲೇ ಮುಂದಿನ ಕಂತಿಗೆ ನಿಮ್ಮ ಕಾಲ್‌ಬ್ಯಾಕ್ ಕರೆಯುತ್ತದೆ. ಕಂತು ಸಣ್ಣದಾಗಿ ಶುರುವಾಗಿ, ಓದು ಸಾಲಾಗಿ ಸಾಗಿದಷ್ಟೂ ಎರಡು ಪಟ್ಟು, ನಾಲ್ಕು ಪಟ್ಟು ಆಗುತ್ತಾ ಗರಿಷ್ಠ ಮಿತಿ ತಲುಪುತ್ತದೆ. ಇದರ ಮೇಲೆ ನಿಮ್ಮದೂ ಒಂದು ಊಹೆ ಕೂಡಿಸಿದರೆ ಎರಡು ಊಹೆಗಳು ಜಗಳವಾಡುತ್ತವೆ.

ಹೊಸ ಲೂಪ್ ಬರೆಯುವುದು

ಕಂಟ್ರೋಲ್‌ನಲ್ಲಿ ಉಳಿದಿರುವ ಉದ್ದ ನೋಡಿ. ಸರ್ವರ್ ಒಪ್ಪುವ ಆರ್‌ಸೈಜ್‌ಗಿಂತ ಹೆಚ್ಚಿದ್ದರೆ ಆರ್‌ಸೈಜ್‌ನಷ್ಟು ಮಾತ್ರ ಈ ವಿನಂತಿಗೆ. ವಿನಂತಿಯ ರಚನೆ ಅಲೋಕೇಟ್ ಮಾಡಿ, ಅಷ್ಟು ಫೋಲಿಯೋಗಳನ್ನು (ಒಂದು ಅಥವಾ ಹೆಚ್ಚು ಪೇಜುಗಳ ಕಟ್ಟು) ಕಂಟ್ರೋಲ್‌ನಿಂದ ತೆಗೆದುಕೊಂಡು ಅದಕ್ಕೆ ಸೇರಿಸಿ, ಕಳಿಸಿ, ಉತ್ತರಕ್ಕೆ ಕಾಯದೆ ಮುಂದಿನ ತುಂಡಿಗೆ ಹೋಗಿ. ಉದ್ದ ಮುಗಿದಾಗ ಹಿಂತಿರುಗಿ. ಈ ಕಾಲ್‌ಬ್ಯಾಕಿಗೆ ರಿಟರ್ನ್ ವ್ಯಾಲ್ಯೂ ಇಲ್ಲ, ಏಕೆಂದರೆ ಇದು ಮುಂಗಡ ಓದು. ಸೋತರೆ ಯಾರಿಗೂ ಉತ್ತರ ಹೇಳಬೇಕಾಗಿಲ್ಲ.

ಇಲ್ಲಿ ಕ್ರಮ ಮುಖ್ಯ. ಅಲೋಕೇಶನ್, ಕ್ರೆಡಿಟ್ (ವಿನಂತಿ ಕಳಿಸಲು ಸರ್ವರ್ ಕೊಡುವ ಅನುಮತಿ), ಸಾಕೆಟ್ ಇತ್ಯಾದಿ ಸೋಲಬಹುದಾದದ್ದೆಲ್ಲ ಮೊದಲು ಆಗಲಿ, ಫೋಲಿಯೋ ತೆಗೆದುಕೊಳ್ಳುವುದು ಕೊನೆಗೆ. ನೀವು ಇನ್ನೂ ತೆಗೆದುಕೊಳ್ಳದ ಫೋಲಿಯೋಗಳನ್ನು ಅನ್‌ಲಾಕ್ ಮಾಡಿ ಒರೆಸಿಡುವ ಹೊಣೆ ಕರ್ನಲ್‌ನದ್ದು. ತೆಗೆದುಕೊಂಡ ಕ್ಷಣದಿಂದ ಹೊಣೆ ನಿಮ್ಮದು. ಎಸ್‌ಎಂಬಿಯಂಥ ಪ್ರೋಟೋಕಾಲ್‌ನಲ್ಲಿ 64 ಕೆಬಿಗೆ ಒಂದು ಕ್ರೆಡಿಟ್; 1 ಎಂಬಿ ಕೇಳಲು 16 ಬೇಕು. ಎಂಟೇ ಸಿಕ್ಕರೆ 512 ಕೆಬಿಗೆ ವಿನಂತಿ ಕಳಿಸಿ. ಒಂದೂ ಸಿಗದಿದ್ದರೆ ಕಾಯುತ್ತಾ ಕೂರುವುದಕ್ಕಿಂತ ಸುಮ್ಮನೆ ಹಿಂತಿರುಗುವುದು ವಾಸಿ. ಓದುವವನಿಗೆ ನಿಜವಾಗಿ ಆ ಪೇಜ್ ಬೇಕಾದಾಗ ಕರ್ನಲ್ ಮತ್ತೆ ಕೇಳಿಯೇ ಕೇಳುತ್ತದೆ.

ರೆಫರೆನ್ಸ್ ಕೌಂಟ್, ಅಂದರೆ ಒಂದು ಪೇಜನ್ನು ಎಷ್ಟು ಕಡೆಯಿಂದ ಹಿಡಿದಿದ್ದಾರೆ ಎಂಬ ಲೆಕ್ಕದ ವಿಷಯದಲ್ಲಿ ಎಚ್ಚರ. 5.8ರಲ್ಲಿ ಬಂದ ರೀಡ್‌ಅಹೆಡ್ ಪೇಜ್ ಫಂಕ್ಷನ್ ಕೊಡುವ ಪೇಜಿಗೆ ಒಂದು ರೆಫರೆನ್ಸ್ ನಿಮ್ಮ ಹೆಸರಿನಲ್ಲಿರುತ್ತದೆ. ಕೆಲಸ ಮುಗಿದ ಮೇಲೆ ಅನ್‌ಲಾಕ್ ಮಾಡಿ, ಪುಟ್ ಕೂಡ ಮಾಡಬೇಕು, ಅಂದರೆ ಆ ರೆಫರೆನ್ಸ್ ಬಿಡಬೇಕು. ಫೋಲಿಯೋ ಜೊತೆಗೆ ಬಂದ ರೀಡ್‌ಅಹೆಡ್ ಫೋಲಿಯೋ ಫಂಕ್ಷನ್ ಆ ರೆಫರೆನ್ಸನ್ನು ಅಲ್ಲೇ ಬಿಟ್ಟುಕೊಡುತ್ತದೆ. ನಿಮ್ಮ ಕೈಯಲ್ಲಿ ಉಳಿಯುವುದು ಲಾಕ್ ಮಾತ್ರ. ಲಾಕ್ ಇರುವವರೆಗೆ ಯಾರೂ ಅದನ್ನು ಪೇಜ್ ಕ್ಯಾಶಿನಿಂದ ತೆಗೆಯಲಾರರು, ಹಾಗಾಗಿ ಅಷ್ಟೇ ಸಾಕು. ಮೊದಲನೆಯದರಿಂದ ಎರಡನೆಯದಕ್ಕೆ ಹೋಗುವಾಗ ಹಳೆಯ ಪುಟ್ ಕರೆ ಉಳಿದುಬಿಟ್ಟರೆ ಕೌಂಟ್ ಒಂದು ಕಡಿಮೆಯಾಗಿ, ಬಳಕೆಯಲ್ಲಿರುವ ಪೇಜ್ ಇನ್ಯಾರದೋ ಪಾಲಾಗುತ್ತದೆ. ಪುಟ್ ಕರೆ ಎಲ್ಲೆಲ್ಲಿ ಇದೆ ಎಂದು ಉತ್ತರ ಬರುವ ದಾರಿಯಲ್ಲೂ ಎರರ್ ದಾರಿಯಲ್ಲೂ ಹುಡುಕಿ ನೋಡಿ. ಡಿಬಗ್ ವಿಎಂ ಆಯ್ಕೆ ಹಾಕಿ ಕಟ್ಟಿದ ಕರ್ನಲ್‌ನಲ್ಲಿ ಓಡಿಸಿದರೆ ಇದು ಬೇಗ ಬಯಲಾಗುತ್ತದೆ.

ಉತ್ತರ ಬಂದಾಗ ಮಾಡಬೇಕಾದದ್ದು ಇಷ್ಟು: ಡೇಟಾ ಪೂರ್ತಿ ಸರಿಯಾಗಿ ಬಂದಿದ್ದರೆ ಅಪ್‌ಟುಡೇಟ್ ಎಂದು ಗುರುತಿಸಿ, ಆಮೇಲೆ ಅನ್‌ಲಾಕ್. ಹೊಸ ಕರ್ನಲ್‌ಗಳಲ್ಲಿ ಇವೆರಡನ್ನೂ ಒಟ್ಟಿಗೆ ಮಾಡುವ ಫೋಲಿಯೋ ಎಂಡ್ ರೀಡ್ ಇದೆ. ಎರರ್ ಆಗಿದ್ದರೆ ಅಪ್‌ಟುಡೇಟ್ ಗುರುತು ಹಾಕದೆ ಅನ್‌ಲಾಕ್ ಮಾಡಿ. ಓದುವವನು ಆ ಪೇಜಿಗೆ ಬಂದಾಗ ರೀಡ್ ಫೋಲಿಯೋ ಕಾಲ್‌ಬ್ಯಾಕ್ ಮೂಲಕ ಮತ್ತೊಮ್ಮೆ ಕೇಳುತ್ತಾನೆ, ನಿಜವಾದ ಎರರ್ ಅವನಿಗೆ ಅಲ್ಲಿ ಸಿಗುತ್ತದೆ. ಪೇಜ್ ಮೇಲೆ ಎರರ್ ಫ್ಲ್ಯಾಗ್ ಹಾಕುವ ಹಳೆಯ ಅಭ್ಯಾಸ ಬಿಡಿ.

ಸುಲಭವಾಗಿ ತಪ್ಪಿಹೋಗುವ ಇನ್ನೊಂದು: ಸರ್ವರ್ ಕಡೆಯ ಹ್ಯಾಂಡಲ್, ಬಳಕೆದಾರರ ದೃಢೀಕರಣ ಎಲ್ಲ ಸಾಮಾನ್ಯವಾಗಿ ಫೈಲ್ ರಚನೆಗೆ ಅಂಟಿಕೊಂಡಿರುತ್ತವೆ. ವಿನಂತಿ ಹೋಗಿ ಉತ್ತರ ಬರುವಷ್ಟರಲ್ಲಿ ಪ್ರೋಗ್ರಾಮ್ ಆ ಫೈಲನ್ನು ಮುಚ್ಚಿರಬಹುದು. ಆದ್ದರಿಂದ ಪ್ರತಿ ವಿನಂತಿಯೂ ಓಪನ್ ಕಾಂಟೆಕ್ಸ್ಟ್ ಮೇಲೆ ತನ್ನದೇ ರೆಫರೆನ್ಸ್ ಹಿಡಿದು, ಮುಗಿದ ಮೇಲೆ ಬಿಡಬೇಕು.

ಸರ್ವರ್ ಅರ್ಧ ಉತ್ತರ ಕೊಟ್ಟರೆ

"ಅಕ್ಕ, ಕಂಪೈಲ್ ಆಯ್ತು, ಮೌಂಟೂ ಆಯ್ತು, ಫೈಲ್ ಓದ್ತಾ ಇದೆ" ಎಂದು ನಮ್ಮ ತಂಡಕ್ಕೆ ಹೊಸದಾಗಿ ಸೇರಿದ ಹಾಸನ ಕಡೆಯ ಹುಡುಗ ಖುಷಿಯಿಂದ ಬಂದಾಗ ನಾನು ಕೇಳಿದ್ದು ಒಂದೇ ಪ್ರಶ್ನೆ: "ಸರ್ವರ್ ಅರ್ಧ ಉತ್ತರ ಕೊಟ್ರೆ ಏನ್ಮಾಡತ್ತೆ ಕಣೋ?" ಹಳೆಯ ಕೋಡ್ ಹೊಸದು ಮಾಡುವಾಗ ನನ್ನ ಅರ್ಧ ಸಮಯ ಹೋಗುವುದು ಈ ಪ್ರಶ್ನೆಗೆ. ನಿಮ್ಮದೂ ಹೋಗಲಿ.

1 ಎಂಬಿ ಕೇಳಿ 300 ಕೆಬಿ ಬಂದಿದೆ ಅಂದುಕೊಳ್ಳಿ. ಇದಕ್ಕೆ ಕನಿಷ್ಠ ಮೂರು ಅರ್ಥ. ಫೈಲೇ ಅಲ್ಲಿಗೆ ಮುಗಿದಿರಬಹುದು. ಸರ್ವರ್ ತನ್ನ ಅನುಕೂಲಕ್ಕೆ ಅಷ್ಟೇ ಕೊಟ್ಟಿರಬಹುದು. ಇಲ್ಲವೇ ನಾವು ಕೇಳಿದ ಮೇಲೆ ಇನ್ನೊಂದು ಕ್ಲೈಂಟ್ ಫೈಲನ್ನು ಕತ್ತರಿಸಿರಬಹುದು. ಮೊದಲ ಮತ್ತು ಮೂರನೆಯ ಸಂದರ್ಭದಲ್ಲಿ ಉಳಿದ ಜಾಗಕ್ಕೆ ಸೊನ್ನೆ ತುಂಬುವುದು ಸರಿ. ಎರಡನೆಯ ಸಂದರ್ಭದಲ್ಲಿ ಸೊನ್ನೆ ತುಂಬಿದರೆ ಅದು ಬಳಸುವವರ ಫೈಲನ್ನು ಹಾಳು ಮಾಡಿದಂತೆ. ಅದೂ ಎರರ್ ಇಲ್ಲದೆ, ಲಾಗ್ ಇಲ್ಲದೆ. ಸೊನ್ನೆ ಎಂದರೆ ಕಪ್ಪು ಎಂದಿಟ್ಟುಕೊಂಡ ಟಿಫ್ ಚಿತ್ರದಲ್ಲಿ ಇದು ಪತ್ರಿಕೆಯ ಕಾಲಂ ಮೇಲೆ ಹಾದುಹೋದ ಅಡ್ಡ ಕಪ್ಪು ಪಟ್ಟಿಯಾಗಿ ಕಾಣುತ್ತದೆ. ಆ ಚಿತ್ರವನ್ನು ಯಾರಾದರೂ ತೆರೆದು ಮತ್ತೆ ಸೇವ್ ಮಾಡಿದರೋ, ಪಟ್ಟಿ ಶಾಶ್ವತ.

ಆದ್ದರಿಂದ ಗಾತ್ರ ನೋಡಿ ಊಹಿಸಬೇಡಿ, ಪ್ರೋಟೋಕಾಲ್ ಏನು ಹೇಳುತ್ತದೆ ಕೇಳಿ. ಎನ್‌ಎಫ್‌ಎಸ್‌ನ ರೀಡ್ ಉತ್ತರದಲ್ಲಿ ಫೈಲ್ ಮುಗಿಯಿತೇ ಎಂಬ ಫ್ಲ್ಯಾಗ್ ಬೇರೆಯೇ ಇದೆ. ಅದಿಲ್ಲದೆ ಕಡಿಮೆ ಬಂದರೆ ಕ್ಲೈಂಟ್ ಉಳಿದ ಭಾಗಕ್ಕೆ ಮತ್ತೆ ಕೇಳುತ್ತದೆ. ನಿಮ್ಮ ಪ್ರೋಟೋಕಾಲ್‌ನಲ್ಲಿ ಅಂಥ ಫ್ಲ್ಯಾಗ್ ಇದ್ದರೆ ಬಳಸಿ. ಇಲ್ಲದಿದ್ದರೆ ನಿಂತ ಜಾಗದಿಂದ ಮತ್ತೆ ಕೇಳಿ, ಸರ್ವರ್ ಫೈಲ್ ಮುಗಿದಿದೆ ಎಂದು ಸ್ಪಷ್ಟವಾಗಿ ಹೇಳಿದ ಮೇಲೆ ಮಾತ್ರ ಸೊನ್ನೆ ತುಂಬಿ. ಮರುವಿನಂತಿಗೆ ಒಂದು ಬೈಟೂ ಬರದೆ, ಫೈಲ್ ಮುಗಿದ ಮಾತೂ ಇಲ್ಲದಿದ್ದರೆ ಮತ್ತೆ ಮತ್ತೆ ಕೇಳುತ್ತಾ ಸುತ್ತಬೇಡಿ. ಪೂರ್ತಿ ತುಂಬಿದ ಫೋಲಿಯೋಗಳನ್ನು ಅಪ್‌ಟುಡೇಟ್ ಮಾಡಿ, ಅರ್ಧ ತುಂಬಿದ್ದನ್ನೂ ಅದರ ಮುಂದಿನವನ್ನೂ ಗುರುತಿಲ್ಲದೆ ಅನ್‌ಲಾಕ್ ಮಾಡಿಬಿಡಿ. ಅರ್ಧ ತುಂಬಿದ ಫೋಲಿಯೋಗೆ ಅಪ್‌ಟುಡೇಟ್ ಗುರುತು ಬಿದ್ದರೆ ಹಿಂದಿನ ಬಳಕೆಯ ಹಳೆಯ ಮೆಮೊರಿ ಓದುವವನಿಗೆ ಕಾಣಬಹುದು. ಅದು ಹಾಳಾದ ಡೇಟಾಕ್ಕಿಂತ ಒಂದು ಹೆಜ್ಜೆ ಮುಂದಿನ ಅಪಾಯ, ಭದ್ರತೆಯ ತೂತು.

ಫೈಲಿನ ಕಟ್ಟಕಡೆಯ ಪೇಜನ್ನೂ ಮರೆಯಬೇಡಿ. ಸಾಮಾನ್ಯ ಮುಂಗಡ ಓದಿನಲ್ಲಿ ಕರ್ನಲ್ ಫೈಲಿನ ಗಾತ್ರ ಮೀರಿದ ಪೇಜುಗಳನ್ನು ಕೇಳುವುದಿಲ್ಲ. ಆದರೆ ಕೊನೆಯ ಪೇಜಿನೊಳಗೆ ಫೈಲ್ ಮುಗಿದ ಮೇಲಿನ ಭಾಗ ನೀವೇ ಸೊನ್ನೆ ಮಾಡಬೇಕು. ಎಂಮ್ಯಾಪ್ ಮಾಡಿದವರಿಗೆ ಆ ಭಾಗವೂ ಕಾಣುತ್ತದೆ.

ನೆಟ್‌ಎಫ್‌ಎಸ್ ಲೈಬ್ರರಿ ಬಳಸಬೇಕೇ?

ಇಷ್ಟೆಲ್ಲ ಓದಿದ ಮೇಲೆ ಪ್ರತಿ ಫೈಲ್‌ಸಿಸ್ಟಮ್ ಇದನ್ನೇ ಯಾಕೆ ಮತ್ತೆ ಮತ್ತೆ ಬರೆಯಬೇಕು ಎನ್ನಿಸಿದರೆ, ಆ ಪ್ರಶ್ನೆಗೆ ಕರ್ನಲ್ ಡೆವಲಪರ್ ಡೇವಿಡ್ ಹೊವೆಲ್ಸ್ ಉತ್ತರ ಕೊಟ್ಟಿದ್ದಾರೆ. 2021ರ 5.13ರಲ್ಲಿ ಅವರ ನೆಟ್‌ಎಫ್‌ಎಸ್ ಲೈಬ್ರರಿ ಕರ್ನಲ್ ಸೇರಿತು. ಎಎಫ್‌ಎಸ್ ಮತ್ತು ಸೆಫ್ ಮೊದಲು ಅದಕ್ಕೆ ಬಂದವು. ಸಿಫ್ಸ್ 2024ರ 6.10ರಲ್ಲಿ ಬಂತು. ರೀಡ್‌ಅಹೆಡ್ ಕಾಲ್‌ಬ್ಯಾಕ್ ಜಾಗಕ್ಕೆ ಲೈಬ್ರರಿಯ ಫಂಕ್ಷನನ್ನೇ ಹಾಕುತ್ತೀರಿ. ದೊಡ್ಡ ವಿನಂತಿಯನ್ನು ತುಂಡು ಮಾಡುವುದು, ಸ್ಥಳೀಯ ಕ್ಯಾಶಿನಲ್ಲಿ ಇರುವುದನ್ನು ಅಲ್ಲಿಂದ ತರುವುದು, ಅರ್ಧ ಬಂದರೆ ಮರುವಿನಂತಿ, ಸೊನ್ನೆ ತುಂಬುವುದು, ಅನ್‌ಲಾಕ್, ಎಲ್ಲ ಅದರ ಕೆಲಸ. ನೀವು ಬರೆಯುವುದು ಒಂದು ತುಂಡನ್ನು ಸರ್ವರಿಗೆ ಕಳಿಸುವ ಇಶ್ಯೂ ರೀಡ್, ಆ ತುಂಡಿನ ಗರಿಷ್ಠ ಗಾತ್ರ ಹೇಳುವ ಫಂಕ್ಷನ್, ವಿನಂತಿಗೆ ಹ್ಯಾಂಡಲ್ ಅಂಟಿಸುವ ಇನಿಟ್ ರಿಕ್ವೆಸ್ಟ್, ಮತ್ತೊಂದಿಷ್ಟು ಚಿಲ್ಲರೆ. ನಿಮ್ಮ ಐನೋಡ್ (ಒಂದು ಫೈಲಿನ ಬಗ್ಗೆ ಕರ್ನಲ್ ಇಡುವ ದಾಖಲೆ) ರಚನೆಯೊಳಗೆ ಕರ್ನಲ್‌ನ ಸಾಮಾನ್ಯ ಐನೋಡ್ ಜಾಗದಲ್ಲಿ ಲೈಬ್ರರಿಯ ಐನೋಡ್ ರಚನೆ ಕೂರಬೇಕು.

ನನ್ನ ಅಭಿಪ್ರಾಯ ಹೀಗಿದೆ. ನಿಮ್ಮ ಕೋಡ್ ಮುಖ್ಯ ಕರ್ನಲ್ ಒಳಗಿದ್ದರೆ, ಅಥವಾ ನೀವು ಒಂದೇ ಕರ್ನಲ್ ಆವೃತ್ತಿಗೆ ಕಟ್ಟುತ್ತಿದ್ದರೆ, ಎರಡನೇ ಯೋಚನೆ ಇಲ್ಲದೆ ಲೈಬ್ರರಿ ಬಳಸಿ. ಆರೇಳು ಡಿಸ್ಟ್ರೋಗಳಿಗೆ ಒಂದೇ ಮೂಲದಿಂದ ಮಾಡ್ಯೂಲ್ ಕೊಡಬೇಕಾದರೆ ನೇರವಾಗಿ ರೀಡ್‌ಅಹೆಡ್ ಬರೆಯಿರಿ. ಲೈಬ್ರರಿಯ ರಚನೆಗಳು, ಫಂಕ್ಷನ್ ಹೆಸರುಗಳು ಆವೃತ್ತಿಯಿಂದ ಆವೃತ್ತಿಗೆ ಬದಲಾಗುತ್ತಲೇ ಇವೆ. ಅವುಗಳ ಹಿಂದೆ ಓಡುವ ಶ್ರಮ, ಲೂಪ್ ನಾವೇ ಬರೆಯುವ ಶ್ರಮವನ್ನು ಮೀರುತ್ತದೆ. ನಾವು ಎರಡನೆಯದನ್ನು ಆರಿಸಿಕೊಂಡೆವು. ಆದರೂ ಲೈಬ್ರರಿಯ ಮೂಲವನ್ನು ಪಕ್ಕದಲ್ಲಿ ತೆರೆದಿಟ್ಟುಕೊಂಡೇ ಬರೆದೆವು. ಅರ್ಧ ಉತ್ತರದ ವಿಷಯದಲ್ಲಿ ಅದಕ್ಕಿಂತ ಒಳ್ಳೆಯ ಮೇಷ್ಟ್ರು ಸಿಗಲಾರರು.

ಡಿಸ್ಟ್ರೋ ವಿಷಯ ಬಂದಾಗ ಹೇಳಿಬಿಡುತ್ತೇನೆ, ಕರ್ನಲ್ ಆವೃತ್ತಿ ಸಂಖ್ಯೆಯನ್ನು ನಂಬಿ ಷರತ್ತು ಬರೆಯಬೇಡಿ. ರೆಡ್ ಹ್ಯಾಟ್ 9ರ ಕರ್ನಲ್ ತನ್ನನ್ನು 5.14 ಎಂದು ಕರೆದುಕೊಂಡರೂ ಮುಂದಿನ ಆವೃತ್ತಿಗಳಿಂದ ಸಾಕಷ್ಟು ಹಿಂದಕ್ಕೆ ತಂದು ಸೇರಿಸಿರುತ್ತಾರೆ. ಮಾಡ್ಯೂಲ್ ಕಟ್ಟುವ ಮುಂಚೆ ಸಣ್ಣ ಸಣ್ಣ ಪರೀಕ್ಷಾ ಫೈಲುಗಳನ್ನು ಕಂಪೈಲ್ ಮಾಡಿ, ಈ ಫಂಕ್ಷನ್ ಇದೆಯೇ, ಈ ಸದಸ್ಯ ಇದೆಯೇ ಎಂದು ಕೇಳಿ ತಿಳಿಯುವುದೇ ಭದ್ರ. 4.18 ಆಧರಿಸಿದ ರೆಡ್ ಹ್ಯಾಟ್ 8 ಇನ್ನೂ ಬೇಕಿದ್ದರೆ ಹಳೆಯ ರೀಡ್‌ಪೇಜಸನ್ನು ಬೇರೆ ಫೈಲಿನಲ್ಲಿ ಹಾಗೇ ಇಡಿ, ಹೊಸ ಲೂಪಿನ ನಡುವೆ ಷರತ್ತುಗಳನ್ನು ತುರುಕಬೇಡಿ.

ಲಾರ್ಜ್ ಫೋಲಿಯೋ ಬಗ್ಗೆ ಇಷ್ಟೇ: ಅದನ್ನು ಆನ್ ಮಾಡುವುದು ಐನೋಡ್ ತಯಾರಾಗುವಾಗ ಒಂದು ಸಾಲಿನ ಕೆಲಸ, ಅದಕ್ಕೆ ಅರ್ಹರಾಗುವುದು ವಾರಗಳ ಕೆಲಸ. ಓದುವ, ಬರೆಯುವ ಎರಡೂ ದಾರಿಯಲ್ಲಿ ಒಂದು ಫೋಲಿಯೋ ಎಂದರೆ 4096 ಬೈಟ್ ಎಂದು ಅಂದುಕೊಂಡ ಜಾಗ ಒಂದೂ ಉಳಿದಿರಬಾರದು. ಅದನ್ನು ಕೊನೆಯ ಪ್ಯಾಚಾಗಿ ಪ್ರತ್ಯೇಕ ಇಡಿ.

ಪರೀಕ್ಷೆ

ಮೊದಲ ಪ್ಯಾಚ್ ರೀಡ್‌ಪೇಜಸ್‌ನಿಂದ ರೀಡ್‌ಅಹೆಡ್‌ಗೆ, ಎರಡನೆಯದು ಪೇಜ್‌ನಿಂದ ಫೋಲಿಯೋಗೆ, ಅರ್ಧ ಉತ್ತರದ ತಿದ್ದುಪಡಿ ಇನ್ನೊಂದು. ಒಂದೊಂದರ ನಡುವೆಯೂ ಅಳತೆ ಮತ್ತೆ ತೆಗೆಯಿರಿ. ಆಮೇಲೆ ತೊಂದರೆ ಬಂದರೆ, ತಪ್ಪು ತಂದ ಪ್ಯಾಚನ್ನು ಹುಡುಕಿಕೊಡುವ ಗಿಟ್ ಬೈಸೆಕ್ಟ್ ಉಪಯೋಗಕ್ಕೆ ಬರುವುದು ಹೀಗೆ ಬಿಡಿಸಿಟ್ಟಾಗ ಮಾತ್ರ.

ಎಕ್ಸ್‌ಎಫ್‌ಎಸ್ ಟೆಸ್ಟ್ಸ್ ಎಂಬ ಪರೀಕ್ಷಾ ಕಟ್ಟು ಎಲ್ಲ ಫೈಲ್‌ಸಿಸ್ಟಮ್‌ಗೂ ಹೊಂದುತ್ತದೆ. ಅದರೊಳಗಿನ ಎಫ್‌ಎಸ್‌ಎಕ್ಸ್ ಪ್ರೋಗ್ರಾಮ್ ಓದು, ಬರಹ, ಕತ್ತರಿಕೆ, ಎಂಮ್ಯಾಪ್ ಎಲ್ಲವನ್ನೂ ಅಡ್ಡಾದಿಡ್ಡಿ ಬೆರೆಸಿ ಪ್ರತಿ ಬೈಟ್ ಹೋಲಿಸುತ್ತದೆ. ರಾತ್ರಿಯಿಡೀ ಓಡಲು ಬಿಡಿ. ಜೊತೆಗೆ ಸರ್ವರ್ ಕಡೆ ಬೇಕೆಂದೇ ಕಡಿಮೆ ಬೈಟ್ ಕೊಡುವ ಒಂದು ಡಿಬಗ್ ಆಯ್ಕೆ ಸೇರಿಸಿಕೊಳ್ಳಿ: ಕೇಳಿದ್ದರಲ್ಲಿ ಯಾವುದೋ ಒಂದು ಪಾಲು, 4096ರಿಂದ ಭಾಗವಾಗದ ಸಂಖ್ಯೆಯಲ್ಲಿ. ನಿಜವಾದ ಸರ್ವರ್ ವರ್ಷಕ್ಕೊಮ್ಮೆ ಮಾಡುವುದನ್ನು ಇದು ನಿಮಿಷಕ್ಕೆ ಹತ್ತು ಸಲ ಮಾಡಿಸುತ್ತದೆ. ಈ ಆಯ್ಕೆ ಆನ್ ಇಟ್ಟುಕೊಂಡು ಟಿಫ್ ಫೈಲುಗಳ ಒಂದು ಇಡೀ ಫೋಲ್ಡರ್ ಓದಿಸಿ, ಎರಡೂ ಕಡೆಯ ಶಾ256 ಮೊತ್ತ ಹೋಲಿಸಿ.

ಓದು ನಡೆಯುತ್ತಿರುವಾಗ ಸರ್ವರಿನ ಕೇಬಲ್ ಕೀಳಿ. ಬೆಂಗಳೂರಿನಲ್ಲಿ ಮಳೆಗಾಲದ ಸಂಜೆ ಕರೆಂಟ್ ಹೋದಾಗ ಆಗುವುದೂ ಇದೇ: ಯುಪಿಎಸ್ ಮೇಲಿರುವ ಕ್ಲೈಂಟ್ ಬದುಕಿರುತ್ತದೆ, ನಡುವಿನ ಸ್ವಿಚ್ ಸತ್ತಿರುತ್ತದೆ. ಟೈಮ್‌ಔಟ್ ಆದ ಮೇಲೆ ದಾರಿಯಲ್ಲಿದ್ದ ಪ್ರತಿ ವಿನಂತಿಯ ಪ್ರತಿ ಫೋಲಿಯೋ ಅನ್‌ಲಾಕ್ ಆಗಬೇಕು. ಒಂದೇ ಒಂದು ಉಳಿದರೂ ಸ್ವಲ್ಪ ಹೊತ್ತಿಗೆ ಕರ್ನಲ್ ಲಾಗ್ ತೋರಿಸುವ ಡಿಮೆಸೇಜಿನಲ್ಲಿ ಪ್ರೋಸೆಸ್ 120 ಸೆಕೆಂಡಿಗಿಂತ ಹೆಚ್ಚು ಸಿಕ್ಕಿಕೊಂಡಿದೆ ಎಂಬ ಎಚ್ಚರಿಕೆ ಬರುತ್ತದೆ. ಕೆಳಗಿನ ಸ್ಟ್ಯಾಕ್‌ನಲ್ಲಿ ಫೋಲಿಯೋ ವೇಟ್ ಎಂಬ ಹೆಸರು ಕಂಡರೆ ಹುಡುಕಬೇಕಾದ ಜಾಗ ನಿಮ್ಮ ಎರರ್ ದಾರಿ. ಆಮೇಲೆ ಮೆಮೊರಿ ಮಿತಿ ಹಾಕಿದ ಸಿಗ್ರೂಪ್ (ಪ್ರೋಸೆಸ್‌ಗಳ ಗುಂಪು) ಒಳಗೆ ದೊಡ್ಡ ಫೈಲ್ ಓದಿಸಿ, ಲಾಕ್ ತಪ್ಪು ಹಿಡಿಯುವ ಲಾಕ್‌ಡೆಪ್ ಮತ್ತು ಮೆಮೊರಿ ತಪ್ಪು ಹಿಡಿಯುವ ಕಾಸನ್ ಹಾಕಿದ ಕರ್ನಲ್‌ನಲ್ಲಿ ಇದೆಲ್ಲವನ್ನೂ ಮತ್ತೊಮ್ಮೆ ಮಾಡಿ.

ವೇಗದ ಹೋಲಿಕೆ ಇದೆಲ್ಲ ಮುಗಿದ ಮೇಲೆ. ಟಿಸಿಪಿಡಂಪ್ ತೆರೆದು ವಿನಂತಿಗಳ ಗಾತ್ರ ನೋಡಿ. ಮೊದಲು ಮುರಿದು ಹೋಗುತ್ತಿದ್ದವು ಈಗ ಆರ್‌ಸೈಜ್‌ನಷ್ಟೇ ದೊಡ್ಡವಾಗಿ, ಒಂದರ ಬೆನ್ನಿಗೆ ಒಂದು ಹೊರಡುತ್ತಿರಬೇಕು. ಇನ್ನೂ 128 ಕೆಬಿಗೇ ನಿಲ್ಲುತ್ತಿದ್ದರೆ ಲೂಪಿನಲ್ಲಿ ತಪ್ಪು ಹುಡುಕುವ ಮುಂಚೆ ಬಿಡಿಐನ ಸಂಖ್ಯೆ ನೋಡಿ. ಮೌಂಟ್ ಆಗುವಾಗ ಆರ್‌ಸೈಜ್ ಗೊತ್ತಾದ ಮೇಲೆ ಕನಿಷ್ಠ ಎರಡು ವಿನಂತಿಗಾಗುವಷ್ಟು ರೀಡ್‌ಅಹೆಡ್ ನೀವೇ ಇಟ್ಟು, ಅದಕ್ಕಿಂತ ಹೆಚ್ಚು ಬೇಕೇ ಎಂಬುದನ್ನು ಮೌಂಟ್ ಆಯ್ಕೆಯಾಗಿ ಬಳಸುವವರಿಗೆ ಬಿಡಿ. ಅವರ ಸರ್ವರ್ ಪಕ್ಕದ ಕೋಣೆಯಲ್ಲಿದೆಯೋ ಮುಂಬೈಯಲ್ಲಿದೆಯೋ ಅವರಿಗೇ ಗೊತ್ತು.